ಸಿಬಿ ಆಂಟೆನಾಕ್ಕೆ 18 ಅಡಿ ಕೇಬಲ್ಲೇ ಆಗಬೇಕಾ?

ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಿ, ಪಿಕಪ್ ಕೊಂಡಿದ್ದೀರಿ, ನೆವಾಡಾ, ವಯೋಮಿಂಗ್ ಕಡೆ ಸುತ್ತುವ ಆಸೆ ಇದೆ. ಕೈಯಲ್ಲಿ ಫೋನ್ ಇರುವಾಗ ಗಾಡಿಯಿಂದ ಗಾಡಿಗೆ ಮಾತಾಡುವ ಸಿಬಿ ರೇಡಿಯೋ ಯಾಕೆ, ಅದಕ್ಕೆ ಲೈಸೆನ್ಸ್ ಬೇಕಾ, ಆಂಟೆನಾವನ್ನು ರೇಡಿಯೋಗೆ ಜೋಡಿಸುವ ಕೋಆಕ್ಸ್ ಕೇಬಲ್ (ನಡುವೆ ತಂತಿ, ಸುತ್ತ ಲೋಹದ ಜಾಲರಿ) ಕರೆಕ್ಟಾಗಿ 18 ಅಡಿಯೇ ಇರಬೇಕು ಅನ್ನುವುದು ನಿಜವಾ ಅಂತ ಕೇಳಿದ್ದೀರಿ. ಮೊದಲಿನ ಎರಡಕ್ಕೆ ಚಿಕ್ಕ ಉತ್ತರ ಸಾಕು. ಮೂರನೆಯದಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ರೇಡಿಯೋ ಇಲ್ಲದೆಯೂ ಬದುಕಬಹುದು, ಅದೇನೂ ತೊಂದರೆ ಇಲ್ಲ. ಆದರೆ ಆ ಕಡೆಯ ರಸ್ತೆಗಳಲ್ಲಿ ಮೈಲಿಗಟ್ಟಲೆ ಫೋನ್ ಸಿಗ್ನಲ್ ಇರುವುದಿಲ್ಲ. ವಯೋಮಿಂಗ್‌ನಲ್ಲಿ ಐ-80 ಹೆದ್ದಾರಿ ಚಳಿಗಾಲದಲ್ಲಿ ಗಾಳಿಗೂ ಹಿಮಕ್ಕೂ ಆಗಾಗ ಮುಚ್ಚುತ್ತದೆ. ಮುಂದೆ ಟ್ರಕ್ ಅಡ್ಡ ಬಿದ್ದಿದೆ, ಸೇತುವೆ ಮೇಲೆ ಐಸ್ ಕಟ್ಟಿದೆ ಅನ್ನುವ ಸುದ್ದಿ ಎದುರಿನಿಂದ ಬರುವ ಟ್ರಕ್ಕಿನವರ ಬಾಯಲ್ಲೇ ಮೊದಲು ಕೇಳಿಸುತ್ತದೆ. ಅವರು ಮಾತಾಡುವುದು ಚಾನೆಲ್ 19ರಲ್ಲಿ. ಚಾನೆಲ್ 9 ತುರ್ತು ಕರೆಗೆ ಮೀಸಲು. ಹಾಗಂತ ಅಲ್ಲಿ ಯಾರೋ ಕೇಳುತ್ತಿರುತ್ತಾರೆ ಅಂತ ನಂಬಿ ಕೂರಬೇಡಿ. ಫೋನ್ ಸಿಗ್ನಲ್ ಇದ್ದರೆ ಮೊದಲು 911.

ಲೈಸೆನ್ಸ್ ಪದ್ಧತಿ 1983ರಲ್ಲೇ ಹೋಯಿತು. ನೀವು ಯಾವ ವೀಸಾದಲ್ಲಿ ಇದ್ದೀರಿ ಅಂತ ಯಾರೂ ಕೇಳುವುದಿಲ್ಲ. ಸಿಬಿಯಲ್ಲಿ ಸಾಮಾನ್ಯವಾಗಿ ಮಾತಾಡುವ ಎಎಂ ವಿಧಾನದಲ್ಲಿ ಕಳಿಸುವ ಪವರ್‌ಗೆ 4 ವಾಟ್ ಮಿತಿ, ಅಷ್ಟರೊಳಗೆ ಇರಿ. ಪವರ್ ಜಾಸ್ತಿ ಮಾಡುವ ಆಂಪ್ಲಿಫೈಯರ್ ಸುಲಭವಾಗಿ ಸಿಗುತ್ತದೆ, ಆದರೆ ಸಿಬಿಗೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಹೊಸ ದೇಶದಲ್ಲಿ ಆ ತಲೆನೋವು ಯಾಕೆ, ಅಲ್ವಾ?

ಈಗ ಕೇಬಲ್. 18 ಅಡಿ ಅನ್ನುವ ಸಂಖ್ಯೆ ಸುಮ್ನೆ ಹುಟ್ಟಿದ್ದಲ್ಲ. ಸಿಬಿಯ 40 ಚಾನೆಲ್‌ಗಳು 26.965ರಿಂದ 27.405 ಮೆಗಾಹರ್ಟ್ಸ್ ನಡುವೆ ಇವೆ. ಅಲ್ಲಿ ಒಂದು ತರಂಗದ ಉದ್ದ ಸುಮಾರು 11 ಮೀಟರ್. ಅದರ ಅರ್ಧ ಹೆಚ್ಚುಕಡಿಮೆ 18 ಅಡಿ. ಕೇಬಲ್ ಅರ್ಧ ತರಂಗದಷ್ಟು ಇದ್ದರೆ ಆಂಟೆನಾದ ಬುಡದಲ್ಲಿ ಇರುವ ಇಂಪಿಡೆನ್ಸೇ (ಸಿಗ್ನಲ್‌ಗೆ ಎದುರಾಗುವ ತಡೆ, ಅಳೆಯುವುದು ಓಮ್‌ನಲ್ಲಿ) ರೇಡಿಯೋ ತುದಿಯಲ್ಲೂ ಕಾಣುತ್ತದೆ. ಇದು ಸರಿಯಾದ ಮಾತೇ. ಆದರೆ ಆ 18 ಅಡಿ ಬಯಲಿನ ಲೆಕ್ಕ, ಕೇಬಲ್ ಒಳಗಿನದ್ದಲ್ಲ. ಕೇಬಲ್ ಒಳಗೆ ಸಿಗ್ನಲ್ ನಿಧಾನವಾಗಿ ಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್ ತುಂಬಿದ ಆರ್‌ಜಿ-58 ಅನ್ನುವ ಸಾಮಾನ್ಯ ಕೇಬಲ್ಲಿನಲ್ಲಿ ಬೆಳಕಿನ ವೇಗದ ಶೇ. 66ರಷ್ಟು ಮಾತ್ರ. ಹಾಗಾಗಿ ಅದರಲ್ಲಿ ಅರ್ಧ ತರಂಗ ಅಂದರೆ ಸುಮಾರು 12 ಅಡಿ, 18 ಅಡಿ ಅಂದರೆ ಮುಕ್ಕಾಲು ತರಂಗ. ಒಳಗೆ ಫೋಮ್ ಇರುವ ಕೇಬಲ್ ತೆಗೆದುಕೊಂಡರೆ ಲೆಕ್ಕ ಮತ್ತೆ ಬದಲಾಗುತ್ತದೆ. ಎಲ್ಲ ಕೇಬಲ್‌ಗೂ 18 ಅಡಿ ಅನ್ನುವವರು ಇದನ್ನು ನೋಡುವುದೇ ಇಲ್ಲ.

ಅಸಲಿಗೆ, ಆಂಟೆನಾ 50 ಓಮ್‌ಗೆ ಹೊಂದಿಕೊಂಡಿದ್ದರೆ 50 ಓಮ್ ಕೇಬಲ್ ಎಷ್ಟು ಉದ್ದ ಇದ್ದರೂ ಎಸ್‌ಡಬ್ಲ್ಯುಆರ್ (ಕಳಿಸಿದ ಪವರ್ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಅಳತೆ, 1 ಅಂದರೆ ಏನೂ ವಾಪಸ್ ಇಲ್ಲ) ಹಾಗೇ ಇರಬೇಕು. ನಾಲ್ಕು ಅಡಿ ಕಡಿಮೆ ಮಾಡಿದಾಗ ಮೀಟರಿನ ಮುಳ್ಳು ಎಲ್ಲಿಗೋ ಹಾರಿದರೆ ತಪ್ಪು ಉದ್ದದ್ದಲ್ಲ. ಆಂಟೆನಾದ ಬುಡಕ್ಕೆ ಸರಿಯಾದ ಗ್ರೌಂಡ್, ಅಂದರೆ ಗಾಡಿಯ ಲೋಹದ ಜೊತೆ ಸಂಪರ್ಕ, ಸಿಕ್ಕಿಲ್ಲ. ಗಾಡಿಯ ಬಾಡಿ ಮಾಡಬೇಕಾದ ಕೆಲಸವನ್ನು ಕೇಬಲ್ಲಿನ ಹೊರಜಾಲರಿ ಮಾಡುತ್ತಿದೆ, ಕೇಬಲ್ಲೇ ಅರ್ಧ ಆಂಟೆನಾ ಆಗಿಬಿಟ್ಟಿದೆ. ಆಗ ಉದ್ದ ಹುಡುಕುತ್ತಾ ಕೂತರೆ ಮುಳ್ಳು ಚೆನ್ನಾಗಿ ಕಾಣುವ ಒಂದು ಅಳತೆ ಸಿಕ್ಕೇ ಸಿಗುತ್ತದೆ, ಆದರೆ ದೂರದವರಿಗೆ ನಿಮ್ಮ ದನಿ ಕೇಳುವುದಿಲ್ಲ. ಬ್ರಾಕೆಟ್ ಕೂರುವ ಕಡೆ ಪೇಂಟ್ ಕೆರೆದು ಲೋಹ ಕಾಣುವಂತೆ ಮಾಡಿ, ಅಲ್ಲಿಂದ ಚಾಸಿಗೆ ಅಗಲವಾದ ಗ್ರೌಂಡ್ ಪಟ್ಟಿ ಎಳೆಯಿರಿ. ಮಲ್ಟಿಮೀಟರ್ ಇಟ್ಟರೆ ಬ್ರಾಕೆಟ್‌ಗೂ ಚಾಸಿಗೂ ನಡುವೆ ಸೊನ್ನೆ ಓಮ್ ಹತ್ತಿರ ತೋರಿಸಬೇಕು.

ಕೇಬಲ್ಲಿನಲ್ಲಿ ಪವರ್ ಕಳೆದುಹೋಗುತ್ತದೆ ಅನ್ನುವ ಭಯವೂ ಬೇಡ. 18 ಅಡಿ ಆರ್‌ಜಿ-58ರಲ್ಲಿ 4 ವಾಟ್ ಕಳಿಸಿದರೆ 3.6ರ ಆಸುಪಾಸು ಆಂಟೆನಾಕ್ಕೆ ತಲುಪುತ್ತದೆ. 9 ಅಡಿಯಲ್ಲಿ 3.8. ಕೇಳುವವರ ಕಿವಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹಾಗಾಗಿ ಆಂಟೆನಾದಿಂದ ರೇಡಿಯೋ ತನಕ ಕೇಬಲ್ ಹೋಗುವ ದಾರಿಯಲ್ಲೇ ಒಂದು ಹಗ್ಗ ಹಿಡಿದು ಅಳೆಯಿರಿ. ರೇಡಿಯೋ ಹೊರಗೆ ಎಳೆಯಲು ಒಂದೆರಡು ಅಡಿ ಸಡಿಲ ಬಿಟ್ಟುಕೊಳ್ಳಿ. ತುದಿಗಳಲ್ಲಿ ಪಿಎಲ್-259 ಕನೆಕ್ಟರ್ ಹಾಕಿದ ರೆಡಿ ಕೇಬಲ್‌ಗಳಲ್ಲಿ ಆ ಅಳತೆಗಿಂತ ತುಸು ಉದ್ದದ್ದನ್ನು ತೆಗೆದುಕೊಳ್ಳಿ, ಅಷ್ಟೇ. ಉಳಿದದ್ದನ್ನು ಬಿಗಿಯಾಗಿ ಸುತ್ತಿ ಸೀಟಿನ ಕೆಳಗೆ ತುರುಕಬೇಡಿ. ಬಿಗಿ ತಿರುವಿನಲ್ಲಿ, ಅದರಲ್ಲೂ ಫೋಮ್ ಕೇಬಲ್‌ನಲ್ಲಿ, ನಡುವಿನ ತಂತಿ ಜರುಗುತ್ತದೆ. ಒಂದಡಿ ಉದ್ದದ ಎಂಟರ ಆಕಾರದಲ್ಲಿ ಸಡಿಲವಾಗಿ ಮಡಚಿ ಕಟ್ಟಿ. ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿಹೋಗದಂತೆಯೂ ನೋಡಿಕೊಳ್ಳಿ. ಕೇಬಲ್ ಹಾಳಾಗುವುದು ಹೆಚ್ಚಾಗಿ ಅಲ್ಲೇ, ಇಲ್ಲವೇ ನೀರು ಹೊಕ್ಕ ಕನೆಕ್ಟರ್‌ನಲ್ಲಿ.

ಎರಡು ಕಡೆ ಮಾತ್ರ ಉದ್ದಕ್ಕೆ ಬೆಲೆ ಇದೆ. ಫೈಬರ್ ಬಾಡಿಯ ಕ್ಯಾಂಪರ್‌ಗಳಿಗೆ ಗ್ರೌಂಡ್ ಬೇಡದ ಆಂಟೆನಾ ಕಿಟ್ ಬರುತ್ತದೆ. ಅದರಲ್ಲಿ ಕೇಬಲ್ಲೂ ಟ್ಯೂನಿಂಗಿನ ಭಾಗ, ಕತ್ತರಿ ಹಾಕಲೇಬೇಡಿ. ಇನ್ನೊಂದು, ಟ್ರಕ್ಕಿನ ಎರಡೂ ಕನ್ನಡಿಗೆ ಒಂದೊಂದು ಆಂಟೆನಾ ಕೂರಿಸಿ ಜೋಡಿಸುವ 75 ಓಮ್ ಜೋಡಿ ಕೇಬಲ್. ಅಲ್ಲಿ ಕೇಬಲ್ಲಿನ ಎರಡು ಕವಲೂ ಸಮ ಉದ್ದ ಇರಬೇಕು. ನಿಮ್ಮ ಪಿಕಪ್‌ಗೆ ಒಂದೇ ಆಂಟೆನಾ ಸಾಕು.

ಟ್ಯೂನ್ ಮಾಡುವುದನ್ನು ಮಾತ್ರ ಬಿಡಬೇಡಿ. ಗೋಡೆ, ಬೇರೆ ಗಾಡಿ ಹತ್ತಿರ ಇಲ್ಲದ ಬಯಲಿಗೆ ಹೋಗಿ, ಬಾಗಿಲು ಮುಚ್ಚಿ. ಚಿಕ್ಕ ಜಂಪರ್ ಕೇಬಲ್‌ನಿಂದ ರೇಡಿಯೋಗೂ ಆಂಟೆನಾ ಕೇಬಲ್‌ಗೂ ನಡುವೆ ಎಸ್‌ಡಬ್ಲ್ಯುಆರ್ ಮೀಟರ್ ಹಾಕಿ. ಚಾನೆಲ್ 1ರಲ್ಲಿ ನೋಡಿ, ಆಮೇಲೆ 40ರಲ್ಲಿ. 1ರಲ್ಲಿ ಜಾಸ್ತಿ ಬಂದರೆ ಆಂಟೆನಾ ಗಿಡ್ಡ, ತುದಿಯ ಸ್ಕ್ರೂ ಮೇಲೆ ತಿರುಗಿಸಿ. 40ರಲ್ಲಿ ಜಾಸ್ತಿ ಬಂದರೆ ಉದ್ದ, ಕೆಳಗೆ ಇಳಿಸಿ. ಎರಡೂ ಕಡೆ 1.5ರ ಒಳಗೆ ಬಂದರೆ ಚೆನ್ನ, 2ರ ತನಕ ಪರವಾಗಿಲ್ಲ. ಎರಡರಲ್ಲೂ 3 ದಾಟಿದರೆ ಮೈಕ್ ಒತ್ತಬೇಡಿ, ರೇಡಿಯೋದ ಔಟ್‌ಪುಟ್ ಸುಟ್ಟೀತು. ಗ್ರೌಂಡ್ ಮತ್ತು ಕನೆಕ್ಟರ್ ಮತ್ತೆ ನೋಡಿ.

ಅಂದ ಹಾಗೆ, ಪಿಕಪ್ ಯಾವುದು, ಯಾವ ವರ್ಷದ್ದು ಅಂತ ಬರೆದಿಲ್ಲ. ಫೋರ್ಡ್ ಎಫ್-150 ಆಗಿದ್ದು 2015 ಅಥವಾ ಆಮೇಲಿನದಾದರೆ ಅದರ ಬಾಡಿ ಅಲ್ಯೂಮಿನಿಯಂ, ಮ್ಯಾಗ್ನೆಟ್ ಆಂಟೆನಾ ಅಂಟುವುದಿಲ್ಲ. ಮಾಡೆಲ್ ತಿಳಿಸಿ, ಆಂಟೆನಾ ಎಲ್ಲಿ ಕೂರಿಸಬಹುದು ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಕೇಬಲ್ ಆರ್ಡರ್ ಮಾಡಬೇಡಿ.