ಸಂಪಾದಕರ ಉತ್ತರ: ಬರೀ 58 ಪಂದ್ಯವೇ?

ಆಸ್ಟ್ರೇಲಿಯನ್ ಫುಟ್‌ಬಾಲ್ (ಸಾಕರ್ ಅಲ್ಲ, ಆ ದೇಶದ್ದೇ ಬೇರೆ ಆಟ) ಆಟಗಾರ, ಸೈನಿಕ ರಾನ್ ಬರಾಸಿ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿದ ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: "ಅವರು ಆಡಿದ್ದು ಬರೀ 58 ಪಂದ್ಯ. ಹೆಸರು ಮಾಡಿದ್ದು ಅವರ ಮಗ. ಯುದ್ಧದಲ್ಲಿ ಸತ್ತರು ಅಂತ ಅಪ್ಪನನ್ನೂ ಮಹಾನ್ ಆಟಗಾರ ಅನ್ನಬೇಕಾ?"

ಬೇಕಿಲ್ಲ. ಆ ಮಾತು ಬರೆದದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಅವರ ಕ್ಲಬ್ ಆದ ಮೆಲ್ಬರ್ನ್‌ನವರು ಅವರನ್ನು ಮರೆಯದೇ ಇದ್ದದ್ದಕ್ಕೆ ಕಾರಣವೇ ಬೇರೆ.

1940ರ ಸೆಪ್ಟೆಂಬರ್ 28ರ ಫೈನಲ್ ನೋಡಿ. ಮೆಲ್ಬರ್ನ್ ತಂಡ ರಿಚ್ಮಂಡ್ ತಂಡವನ್ನು 39 ಪಾಯಿಂಟ್‌ಗಳಿಂದ ಸೋಲಿಸಿತು. ಬರಾಸಿ ಆ ದಿನ 19ನೆಯವರು. ಮೈದಾನದಲ್ಲಿ 18 ಮಂದಿ, ಆಗೆಲ್ಲ ತಂಡಕ್ಕೆ ಒಬ್ಬನೇ ಬದಲಿ ಆಟಗಾರ. ಅದೇ ತಂಡದ ನಾರ್ಮ್ ಸ್ಮಿತ್ 7 ಗೋಲು ಹೊಡೆದರು. ಈ ಹೆಸರು ನೆನಪಿರಲಿ.

ಅದಾಗಿ ಹತ್ತು ತಿಂಗಳು, ಅಷ್ಟೇ. 1941ರ ಜುಲೈ 31ರಂದು ಲಿಬಿಯಾದ ತೊಬ್ರುಕ್‌ನಲ್ಲಿ ಬರಾಸಿ ತೀರಿಕೊಂಡರು. ಜರ್ಮನ್ ಮತ್ತು ಇಟಲಿಯ ಸೇನೆಗಳು ಏಪ್ರಿಲ್‌ನಿಂದಲೇ ಆ ಬಂದರನ್ನು ಮುತ್ತಿದ್ದವು. (ಒಳಗೆ ಆಸ್ಟ್ರೇಲಿಯಾದವರ ಜೊತೆ ಭಾರತದ 18ನೇ ಕ್ಯಾವಲ್ರಿಯ ಸಿಪಾಯಿಗಳೂ ಇದ್ದರು. ನಮ್ಮಲ್ಲಿ ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ.) ಮನೆಯಲ್ಲಿ ಐದು ವರ್ಷದ ಮಗ. ಅವನ ಹೆಸರೂ ರಾನ್.

ಹುಡುಗ ದೊಡ್ಡವನಾದ. ಆಗ ಮನೆ ಯಾವ ಏರಿಯಾದಲ್ಲಿದೆಯೋ ಆ ಏರಿಯಾದ ಕ್ಲಬ್ಬಿಗೇ ಆಡಬೇಕಿತ್ತು. ಸುಮ್ನೆ ಬಿಟ್ಟಿದ್ದರೆ ಅವನು ಬೇರೆಯವರ ಪಾಲಾಗುತ್ತಿದ್ದ. ಮೆಲ್ಬರ್ನ್‌ನವರು ಬಿಡಲಿಲ್ಲ. ಅಪ್ಪ ಆಡಿದ ಕ್ಲಬ್ಬಿಗೇ ಮಗನೂ ಆಡಬಹುದು ಎಂಬ ನಿಯಮಕ್ಕಾಗಿ ಪಟ್ಟು ಹಿಡಿದರು, ಗೆದ್ದರು. ತಾಯಿ ಮರುಮದುವೆಯಾಗಿ ಟಾಸ್ಮೇನಿಯಾಕ್ಕೆ ಹೋದಾಗ ಹುಡುಗ ಇದ್ದದ್ದು ನಾರ್ಮ್ ಸ್ಮಿತ್ ಮನೆಯ ಹಿತ್ತಲಿನ ಪುಟ್ಟ ಮನೆಯಲ್ಲಿ. ಸ್ಮಿತ್ ಆಗ ತಂಡದ ಕೋಚ್. ಮಗ ಮೊದಲ ಪಂದ್ಯ ಆಡಿದ್ದು 1953ರಲ್ಲಿ. ಅಪ್ಪನ 31ನೇ ನಂಬರ್ ಜರ್ಸಿ ಅವನದಾಯಿತು. ಆ ಕ್ಲಬ್ಬಿಗೆ ಆಡಿ ಆರು ಪ್ರೀಮಿಯರ್‌ಶಿಪ್ (ಲೀಗ್‌ನ ಚಾಂಪಿಯನ್ ಪಟ್ಟ) ಗೆದ್ದ.

ಈಗ ನಿಮ್ಮ 58ಕ್ಕೆ ಬರೋಣ. ಇವತ್ತಿನ ನಿಯಮದಲ್ಲಿ ಅಪ್ಪ ಆ ಕ್ಲಬ್ಬಿಗೆ ಕನಿಷ್ಠ 100 ಪಂದ್ಯ ಆಡಿರಬೇಕು. ಆ ಲೆಕ್ಕ ಅವತ್ತೇ ಇದ್ದಿದ್ದರೆ, ಯಾವ ಹುಡುಗನಿಗಾಗಿ ಕ್ಲಬ್ ಅಷ್ಟೆಲ್ಲ ಓಡಾಡಿತೋ ಅವನಿಗೇ ಅದು ಸಿಗುತ್ತಿರಲಿಲ್ಲ, ಅಲ್ವಾ? ಜೊತೆಗೆ ಆಡಿದವರು ಆ ಮನೆಯ ಕಡೆ ನೋಡಿದಾಗ ಪಂದ್ಯ ಎಣಿಸಲಿಲ್ಲ.

'ಮಹಾನ್' ಎಂಬ ಪದವನ್ನು ನಾವು ವಾಪಸ್ ತೆಗೆದುಕೊಳ್ಳುತ್ತೇವೆ. ನೀವು 'ಬರೀ' ಎಂಬುದನ್ನು ತೆಗೆದುಕೊಳ್ಳಿ.