ಎರಡನೇ ಎಲೆ: ಗೆಳೆಯನನ್ನು ಕಳೆದುಕೊಂಡವರ ಒಂದು ವಾರ

ಕಳೆದ ವರ್ಷ ಆಟಿ ತಿಂಗಳು, ತುಳುನಾಡಿನ ಜೋರು ಮಳೆಗಾಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಯ ಒಂದು ಊರಿನಿಂದ ಮಗಳು ತನ್ನ ಅಪ್ಪನನ್ನು ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದಳು. ಜೋರು ಮಳೆ, ಇಬ್ಬರೂ ಅರ್ಧ ನೆನೆದಿದ್ದರು. ಅಪ್ಪನಿಗೆ 66 ವರ್ಷ, ಅಡಿಕೆ ಕೃಷಿಕರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಬೇಡ, ನಮ್ಮ ಕಡೆ ಕರೆಯುವ ಹಾಗೆ ಅಣ್ಣ ಅನ್ನುತ್ತೇನೆ.

"ಅಪ್ಪನಿಗೆ ಅರಳುಮರಳು ಶುರುವಾಗಿದೆ," ಅಂದಳು ಮಗಳು. "ಹೇಳಿದ್ದನ್ನೇ ಹೇಳ್ತಾರೆ. ಎಲ್ಲ ಮೂವತ್ತು ನಲವತ್ತು ವರ್ಷ ಹಿಂದಿನದ್ದು. ಸಂಜೆ ಚಾವಡಿಯಲ್ಲಿ ಕೂತರೆ ಕರೆದರೂ ಏಳೋದಿಲ್ಲ. ಈ ಸಲ ತೋಟಕ್ಕೆ ಮದ್ದು ಬಿಡಿಸಲಿಕ್ಕೂ ಅಮ್ಮನೇ ಜನ ಹುಡುಕಿದ್ದು."

ಅಣ್ಣ ಸುಮ್ನೆ ಕೂತಿದ್ದರು. ಕೊಡೆಯಿಂದ ನೆಲಕ್ಕೆ ಬೀಳುವ ನೀರನ್ನೇ ನೋಡುತ್ತಿದ್ದರು.

ಮೊದಲು ಮರೆವನ್ನು ನೋಡಬೇಕಿತ್ತು. ನಿನ್ನೆ ರಾತ್ರಿ ಏನು ಊಟ, ಕೊನೆಗೆ ಅಡಿಕೆ ಕೊಟ್ಟದ್ದು ಯಾವ ರೇಟಿಗೆ, ಇವತ್ತು ಎಷ್ಟು ಗಂಟೆಯ ಬಸ್ಸು. ಎಲ್ಲಕ್ಕೂ ಥಟ್ಟನೆ ಉತ್ತರ ಬಂತು, ಮಗಳೂ ಸರಿ ಅಂದಳು. ಆದರೂ ವೈದ್ಯರಿಗೆ ತೋರಿಸಿ ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದೆ. ಇವು ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಹೆದರಿಕೆ ಹಲವರಿಗಿದೆ, ಹಾಗೇನೂ ಆಗುವುದಿಲ್ಲ. "ಅಷ್ಟೆಲ್ಲ ಇಲ್ಲ," ಅಂದರು ಅಣ್ಣ. "ಯಾವುದಕ್ಕೂ ರುಚಿ ಇಲ್ಲ, ಅಷ್ಟೇ." ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಮಗಳ ಫೋನಿಗೆ ಹಾಕಿಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮಗಳಿಗೆ ಇನ್ನೊಂದು ಮಾತೂ ಹೇಳಿದೆ. ವಯಸ್ಸಾದವರು ಹಳೆಯದನ್ನು ನೆನೆಸುವುದನ್ನು ಒಂದು ಕಾಲದಲ್ಲಿ ವೈದ್ಯರೂ ಅರಳುಮರಳು ಅಂತಲೇ ತಿಳಿದಿದ್ದರು. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅದು ತಪ್ಪು ಅಂತ ಬರೆದರು. ಆ ವಯಸ್ಸಿನಲ್ಲಿ ಮನಸ್ಸು ತನ್ನ ಬದುಕನ್ನು ತಾನೇ ಒಮ್ಮೆ ತಿರುಗಿ ನೋಡುತ್ತದೆ, ಅದು ಸಹಜ ಅಂದರು. ಹಾಗಾಗಿ ಅಪ್ಪ ನೆನೆಸುವುದರ ಬಗ್ಗೆ ನನಗೆ ಚಿಂತೆ ಇರಲಿಲ್ಲ. ನೆನೆಸುತ್ತಾ ಒಬ್ಬರೇ ಉಳಿದುಬಿಟ್ಟಿದ್ದಾರಲ್ಲ, ಚಿಂತೆ ಅದರದ್ದು.

ಅಣ್ಣನಿಗೆ ಒಂದು ವಾರದ ಕೆಲಸ ಕೊಟ್ಟೆ. ದಿನಕ್ಕೆ ಒಂದು ಪುಟ. ಇವತ್ತು ಯಾವ ನೆನಪು ಬಂತು, ಎಷ್ಟು ಗಂಟೆಗೆ ಬಂತು, ಆಗ ನಿಮ್ಮ ಕೈ ಏನು ಮಾಡುತ್ತಿತ್ತು. ಮೂರನೇ ಪ್ರಶ್ನೆ ಕೇಳಿ ಅವರು ಮೊದಲ ಸಲ ತಲೆ ಎತ್ತಿದರು. "ಕೈಯಾ?" ಅಂದರು.

ಮುಂದಿನ ವಾರ ಹಳೆಯ ಅಡಿಕೆ ಲೆಕ್ಕದ ಪುಸ್ತಕ ತಂದರು. ಹಿಂದಿನ ಹಾಳೆಗಳಲ್ಲಿ ಬರೆದಿದ್ದರು. ಸೋಮವಾರ ಒಂದೇ ಸಾಲು: "ಮಳೆ. ಏನೂ ಇಲ್ಲ." ಮಂಗಳವಾರ ಸುರಂಗದ ನೆನಪು. ನಮ್ಮ ಕಡೆ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ ಇದೆಯಲ್ಲ, ಅವರ ಅಪ್ಪ ತೋಡಿಸಿದ್ದು. ಒಳಗೆ ತೋಡುವವನ ಹತ್ತಿರ ಒಂದು ದೀಪ. ಅದು ಮಂಕಾದರೆ ಗಾಳಿ ಸಾಲುವುದಿಲ್ಲ ಅಂತ ಅರ್ಥ, ಹೊರಗೆ ಬರಬೇಕು. ಹೊರಗೆ ಕೂತು ಆ ಬೆಳಕನ್ನು ನೋಡುತ್ತಾ ಇರುವುದು ಹುಡುಗನಾಗಿದ್ದ ಇವರ ಕೆಲಸ. ಕೊನೆಗೊಂದು ದಿನ ಅಡಿಕೆ ಮರದ ದಂಬೆಯಲ್ಲಿ, ಅಂದರೆ ಮರ ಸೀಳಿ ಮಾಡಿದ ನಾಲೆಯಲ್ಲಿ, ನೀರು ಅಂಗಳಕ್ಕೆ ಬಂತು. ಎರಡು ಪುಟ ಬರೆದಿದ್ದರು. "ಕೈ: ಎಲೆಗೆ ಸುಣ್ಣ ಹಚ್ಚುತ್ತಿತ್ತು."

ಬುಧವಾರ ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು ಹೋಗಿ ಪಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಲ್ಲಿ ಜಜ್ಜಿ ತರಬೇಕು, ಕಬ್ಬಿಣ ತಾಗಿಸಬಾರದು. ಅದರ ಕಷಾಯ ಬರಿಹೊಟ್ಟೆಗೆ, ಮೇಲೆ ಮೆಂತೆ ಗಂಜಿ. ಆ ಸಲ ಇವರು ಹೋಗಲಿಲ್ಲ, ನೆರೆಮನೆಯವರು ತಂದುಕೊಟ್ಟರು. "ಕಹಿ ಗೊತ್ತಾಗಲಿಲ್ಲ," ಅಂತ ಬರೆದಿದ್ದರು. ಈ ಸಾಲಿನ ಮುಂದೆ ನಾನು ತುಂಬ ಹೊತ್ತು ನಿಂತೆ. ರುಚಿ ಇಲ್ಲ ಅಂದದ್ದು ಬರೀ ಮಾತಾಗಿರಲಿಲ್ಲ.

ಗುರುವಾರ ಕಯ್ಯಾರ ಕಿಞ್ಞಣ್ಣ ರೈಗಳ ನೆನಪು. ಅವರ ಭಾಷಣ ಕೇಳಿದ್ದರಂತೆ. ಮೇಷ್ಟ್ರು, ಕವಿ, ಕೃಷಿಕ, ನೂರು ವರ್ಷ ತುಂಬಿಸಿ 2015ರಲ್ಲಿ ಹೋದವರು. "ಕೃಷಿ ಮಾಡುವವನೂ ಹೀಗೆ ಮಾತಾಡಬಹುದು ಅಂತ ಆಗ ಗೊತ್ತಾಯಿತು. ತಾಳಮದ್ದಳೆಯಲ್ಲಿ ಅರ್ಥ ಹೇಳಲು ಹೊರಟದ್ದು ಅಲ್ಲಿಂದ." ತಾಳಮದ್ದಳೆ ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ, ಅರ್ಥ ಅಂದರೆ ಅದರಲ್ಲಿ ಪಾತ್ರದ ಮಾತು. ಆ ಸಾಲಿನ ಕೆಳಗೆ ಬೇರೆ ಶಾಯಿಯಲ್ಲಿ: "ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ತುಳು. ಕನ್ನಡ ಮಾತಾಡುತ್ತಿದ್ದದ್ದು ಶನಿವಾರದ ಕೂಟದಲ್ಲಿ. ಅವನು ಹೋದ ಮೇಲೆ ನನ್ನ ಬಾಯಲ್ಲಿ ಕನ್ನಡ ಬಂದಿಲ್ಲ."

ಯಾರು ಅವನು ಅಂತ ಕೇಳಿದೆ.

ಭಾಗವತ, ಕೂಟದಲ್ಲಿ ಪದ ಹಾಡುವವರು. 38 ವರ್ಷದ ಗೆಳೆಯ. ಸಂಜೆ ಐದೂವರೆಗೆ ತೋಟದ ದಾರಿಯಲ್ಲಿ ಬಂದು ಬೇಲಿಯ ತಡಮೆಯ ಹತ್ತಿರ ನಿಂತು "ಉಲ್ಲರಾ?" ಅಂತ ಕರೆಯುತ್ತಿದ್ದರು. ಇದ್ದೀರಾ ಅಂತ. ಇಬ್ಬರೂ ಚಾವಡಿಯಲ್ಲಿ ಕೂತು ಎಲೆ ಹಾಕುವುದು, ಶನಿವಾರದ ಪ್ರಸಂಗದ ಮಾತು. ಹದಿನಾಲ್ಕು ತಿಂಗಳ ಹಿಂದೆ ಹೃದಯಾಘಾತದಿಂದ ಹೋದರು. ಕೂಟವನ್ನು ಬೇರೆಯವರು ನಡೆಸುತ್ತಿದ್ದಾರೆ, ಇವರು ಹೋಗುತ್ತಿಲ್ಲ.

ಶುಕ್ರವಾರದ ಪುಟ ಓದಲಿಕ್ಕೆ ಅವರಿಂದ ಆಗಲಿಲ್ಲ, ಪುಸ್ತಕ ನನ್ನ ಕಡೆ ತಿರುಗಿಸಿದರು. "5.30. ಎರಡು ಎಲೆ ತೊಡೆಯ ಮೇಲೆ ಒರೆಸಿದೆ. ಎರಡಕ್ಕೂ ಸುಣ್ಣ ಹಚ್ಚಿದೆ. ಒಂದು ಹಾಕಿದೆ. ಒಂದು ತಟ್ಟೆಯಲ್ಲಿ." ಆ ಎರಡನೇ ಎಲೆ ಬೆಳಿಗ್ಗೆ ಬಾಡಿರುತ್ತದೆ. ಹೆಂಡತಿ ಏನೂ ಕೇಳದೆ ಎತ್ತಿ ಹೊರಗೆ ಹಾಕುತ್ತಾರೆ. ಹದಿನಾಲ್ಕು ತಿಂಗಳಿಂದ.

ಮಗಳು ಅಳುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ.

ಗೆಳೆಯ ಹೋದ ದುಃಖಕ್ಕೆ ನಮ್ಮಲ್ಲಿ ಜಾಗವೇ ಇಲ್ಲ. ಹೆಂಡತಿಯೋ ಒಡಹುಟ್ಟಿದವರೋ ಹೋದರೆ ಊರು ಬಂದು ಮಾತಾಡಿಸುತ್ತದೆ, ಸೂತಕ ಅಂತಾದರೂ ಕೆಲವು ದಿನ ಮನೆಯಲ್ಲಿ ಬಿಡುತ್ತದೆ. ಗೆಳೆಯನಿಗೆ ಸೂತಕವಿಲ್ಲ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮಾಡಿ ಬಂದರೆ ಮುಗಿಯಿತು, ಮರುದಿನ ತೋಟ. ಅಣ್ಣ ಯಾರ ಹತ್ತಿರವೂ ಅತ್ತಿರಲಿಲ್ಲ. ಹಾಗಾಗಿ ಆ ದಿನ ನಾನು ಸಲಹೆ ಏನೂ ಕೊಡಲಿಲ್ಲ. ಭಾಗವತರ ಬಗ್ಗೆ ಹೇಳಿ ಅಂದೆ. ಒಂದೂವರೆ ಗಂಟೆ ಹೇಳಿದರು. ಕನ್ನಡದಲ್ಲೇ ಹೇಳಿದರು, ಎಂಥ ಕನ್ನಡ!

ಮೂರನೇ ಭೇಟಿಯಲ್ಲಿ ಸಲಹೆ. ಚಾವಡಿಯಲ್ಲಿ ಕೂರುವುದನ್ನು ನಿಲ್ಲಿಸಿ ಅನ್ನಲಿಲ್ಲ. ಆ ಹೊತ್ತು ಹೇಗೂ ಬರುತ್ತದೆ, ಖಾಲಿ ಕೂತರೆ ಅದು ಜಾಸ್ತಿ ಭಾರ. ವಾರಕ್ಕೆ ಒಂದು ಸಲ, ಶನಿವಾರ, ಅದೇ ಐದೂವರೆಗೆ ನೀವೇ ಅವರ ಮನೆಗೆ ಹೋಗಿ ಅಂದೆ. ಈ ನೆನಪಿನಲ್ಲಿ ಅವರ ಹೆಂಡತಿಗೆ, ಮಗನಿಗೆ ಪಾಲಿದೆ. ನಿಮ್ಮ ಹತ್ತಿರ ಇರುವ ಭಾಗವತರನ್ನು ಅವರು ನೋಡಿಲ್ಲ. ಉಳಿದ ದಿನ ಅದೇ ಹೊತ್ತಿಗೆ ಸುರಂಗದ ಬಾಯಿ ತನಕ ಒಂದು ನಡಿಗೆ. ಕೂಟಕ್ಕೆ ಹೋದರೆ ಸುಮ್ನೆ ಕೇಳಲಿಕ್ಕೆ ಹೋಗಿ, ಅರ್ಥ ಹೇಳುವ ಮಾತು ಈಗ ಬೇಡ.

ಎಲೆಯ ಬಗ್ಗೆಯೂ ಹೇಳಬೇಕಾಯಿತು. ಪುಸ್ತಕದ ಲೆಕ್ಕದಲ್ಲಿ ದಿನಕ್ಕೆ ಹನ್ನೊಂದು ಸಲ, ಹೊಗೆಸೊಪ್ಪು ಸೇರಿ. ಗೆಳೆಯ ಇದ್ದಾಗ ನಾಲ್ಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಅಡಿಕೆಯೇ ಅನ್ನ ಕೊಡುವ ಮನೆಯವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಹೊಗೆಸೊಪ್ಪು ಮೊದಲು ಬಿಡಿ, ಆಮೇಲೆ ವಾರಕ್ಕೊಂದರಂತೆ ಕಡಿಮೆ ಮಾಡಿ, ಬಾಯಿ ಒಮ್ಮೆ ಡಾಕ್ಟರಿಗೆ ತೋರಿಸಿ ಅಂದೆ.

"ಒಂದು ಮಂಡಲ ಮಾಡಿದರೆ ಅಭ್ಯಾಸ ಆಗ್ತದಾ?" ಅಂತ ಕೇಳಿದರು. 48 ದಿನ. ಲಂಡನ್ನಿನಲ್ಲಿ 96 ಮಂದಿಯನ್ನು ಇಟ್ಟುಕೊಂಡು ಇದನ್ನೇ ನೋಡಿದ್ದಾರೆ. ಹೊಸ ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ. ಈ ಕೊನೆಯ ಮಾತನ್ನು ಅವರು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು.

ಮೊದಲ ಶನಿವಾರ ಹೋಗಲಿಲ್ಲ. ಎರಡನೆಯದು ಅರ್ಧ ದಾರಿ. ಮೂರನೆಯದನ್ನು ಅವರು ಹೀಗೆ ಬರೆದಿದ್ದಾರೆ: "ತಡಮೆಯ ಹತ್ತಿರ ನಿಂತೆ. ಉಲ್ಲರಾ ಅಂತ ಕರೆದೆ. ಸ್ವರ ಬರಲಿಲ್ಲ. ಮತ್ತೊಮ್ಮೆ ಕರೆದೆ. ಒಳಗಿಂದ ಅವನ ಹೆಂಡತಿ 'ಬಲೆ' ಅಂದರು, ಬನ್ನಿ ಅಂತ. ಕೈ: ತಡಮೆ ಹಿಡಿದಿತ್ತು."

ಈಗ ಅವರು ತಿಂಗಳಿಗೊಮ್ಮೆ ನನ್ನ ಹತ್ತಿರ ಬರುತ್ತಾರೆ. ಎಲೆ ದಿನಕ್ಕೆ ಐದಕ್ಕೆ ಬಂದಿದೆ, ಹೊಗೆಸೊಪ್ಪು ಪೂರ್ತಿ ಬಿಟ್ಟಿಲ್ಲ. ಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಭಾಗವತರ ಮಗ ಅಪ್ಪನ ಜಾಗಟೆಯನ್ನು ಅಟ್ಟದಿಂದ ಇಳಿಸಿ ಹುಣಸೆಹುಳಿ ಹಾಕಿ ತಿಕ್ಕಿದ್ದಾನಂತೆ. ಅವನಿಗೆ ಪದ ಬರುವುದಿಲ್ಲ. ಶನಿವಾರ ಇವರು ಹೋದಾಗ, ಅಪ್ಪ ಇದನ್ನು ಹೇಗೆ ಹಿಡಿಯುತ್ತಿದ್ದರು ಅಂತ ಕೇಳಿದನಂತೆ.