ಮಡಿಕೇರಿಯಲ್ಲಿ ಸಂಬಳಕ್ಕೂ ಜಾಗದ ಬೆಲೆಗೂ ಯಾಕೆ ತಾಳೆಯಾಗುವುದಿಲ್ಲ

ಹತ್ತು ವರ್ಷದಲ್ಲಿ ಸಂಬಳ ಎರಡು ಪಟ್ಟೂ ಆಗಿಲ್ಲ, ಮಡಿಕೇರಿಯಲ್ಲಿ ನೋಡಿಟ್ಟಿದ್ದ ಐದು ಸೆಂಟ್ ಜಾಗ ಮಾತ್ರ ಕೈಗೆಟುಕದಷ್ಟು ಮೇಲೆ ಹೋಯಿತು, ಯಾಕೆ ಅಂತ ಕೇಳಿದ್ದೀರಿ. ತಪ್ಪು ನಿಮ್ಮ ದುಡಿಮೆಯದ್ದಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಸಂಬಳ ನಿಗದಿಯಾಗುವುದು ಇಲ್ಲಿನ ಅಂಗಡಿ, ಶಾಲೆ, ತೋಟಗಳ ಲೆಕ್ಕದಲ್ಲಿ. ಜಾಗದ ಬೆಲೆ ನಿಗದಿಯಾಗುವುದು ಕೊಳ್ಳಲು ಬಂದವರ ಜೇಬಿನ ಲೆಕ್ಕದಲ್ಲಿ. ವಾರಾಂತ್ಯದ ಮನೆಗೆ, ಹೋಂಸ್ಟೇಗೆ ಅಂತ ಬೆಂಗಳೂರಿನಿಂದ ಬರುವವರ ಜತೆ ನೀವು ಪೈಪೋಟಿ ಮಾಡಬೇಕು. 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು.

ಜಾಗವಂತೂ ಹುಟ್ಟುವುದಿಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ತೋಟ, ಉಳಿದದ್ದು ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಬರೆ ಜರಿದು, ಅಡುಗೆಮನೆ ಕಿಟಕಿಯವರೆಗೆ ಕೆಂಪು ಮಣ್ಣು ನಿಂತಿತ್ತು. ಅವತ್ತಿನಿಂದ ಎಲ್ಲರಿಗೂ ಸಮತಟ್ಟು ಜಾಗವೇ ಬೇಕು. ಅದು ಇರುವುದೇ ಕಡಿಮೆ ಅಲ್ವಾ?

ಇನ್ನು ಸಾಲ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ತಿಂಗಳಿಗೆ ಸುಮಾರು 17,400 ರೂಪಾಯಿ ಕಂತು ಕಟ್ಟಬಲ್ಲವರಿಗೆ ಶೇ 8.5 ಬಡ್ಡಿಯಲ್ಲಿ 10 ವರ್ಷದ ಅವಧಿಗೆ 14 ಲಕ್ಷ ಸಾಲ ಆಗುತ್ತದೆ, 20 ವರ್ಷಕ್ಕಾದರೆ 20 ಲಕ್ಷ. ಸಂಬಳ ಒಂದು ರೂಪಾಯಿಯೂ ಏರಿಲ್ಲ, ಕೈಯಲ್ಲಿ 6 ಲಕ್ಷ ಹೆಚ್ಚು. ಎಲ್ಲರ ಕೈಯಲ್ಲೂ ಹೀಗೆ ಹೆಚ್ಚಾದರೆ ಮಾರುವವನು ಸುಮ್ನೆ ಇರುತ್ತಾನಾ? ಆ ದುಡ್ಡೆಲ್ಲ ಬೆಲೆಗೇ ಸೇರುತ್ತದೆ.

ಕಡಿಮೆಗೆ ಸಿಗುತ್ತದೆ ಅಂತ ಬರೆ ಕಡಿದ ಸೈಟ್ ಮಾತ್ರ ದಯವಿಟ್ಟು ತಗೋಬೇಡಿ. ನೋಡುವುದಾದರೆ ಜುಲೈ ಮಳೆಯಲ್ಲೇ ಹೋಗಿ, ನೀರು ಎಲ್ಲಿಂದ ಇಳಿಯುತ್ತದೆ ಅಂತ ನಿಂತು ನೋಡಿ.